ಭಾವನ ಕಂಪ್ಯೂಟರಿಗೆ ಮೂರು ಹೊದಿಕೆ

ನಮ್ಮ ಭಾವನಷ್ಟು ಜೋಪಾನದ ಮನುಷ್ಯರನ್ನು ನೀವು ನೋಡಿರಲಾರಿರಿ. ನೋಡಿದ್ದರೆ ನನ್ನ ಹೊಟ್ಟೆಯಷ್ಟೇ ನಿಮ್ಮ ಹೊಟ್ಟೆಯೂ ಉರಿದಿರುತ್ತದೆ. ಅಕ್ಕನ ಮನೆಯ ಸೋಫಾ ಅಂಗಡಿಯಿಂದ ಬಂದಾಗ ಉಟ್ಟಿದ್ದ ಪ್ಲಾಸ್ಟಿಕ್ಕನ್ನು ಇವತ್ತಿಗೂ ಬಿಚ್ಚಿಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಕೂತು ಎದ್ದರೆ ಪ್ಲಾಸ್ಟಿಕ್ಕೂ ನಮ್ಮ ಜೊತೆಗೇ ಅರ್ಧ ಏಳುತ್ತದೆ. ಟಿವಿ ರಿಮೋಟಿಗೆ ಒಂದು ಚೀಲ, ಚೀಲಕ್ಕೆ ರಬ್ಬರ್ ಬ್ಯಾಂಡು. ಸ್ಕೂಟರಿಗೆ ಟಾರ್ಪಾಲು, ಟಾರ್ಪಾಲು ಬಿಸಿಲಿಗೆ ಹಾಳಾದೀತೆಂದು ಅದರ ಮೇಲೊಂದು ಹಳೆಯ ಹಾಸುಬಟ್ಟೆ. ಆ ಹಾಸುಬಟ್ಟೆಯ ಗತಿಯೇನು ಎಂದು ನಾನೊಮ್ಮೆ ಕೇಳಿದ್ದೆ. ಭಾವ ತಮಾಷೆ ಎಂದುಕೊಳ್ಳದೆ ಎರಡು ದಿನ ಅದನ್ನೇ ಯೋಚಿಸಿದರು.

ಈ ಗುಣ ಹುಟ್ಟಿನಿಂದ ಬಂದದ್ದಲ್ಲ, ಕೆಲಸ ಕಲಿಸಿದ್ದು. ಭಾವ ನೀರು ಸರಬರಾಜು ಇಲಾಖೆಯ ಉಗ್ರಾಣದಲ್ಲಿ ಗುಮಾಸ್ತರಾಗಿ ಸೇರಿ, ಅದೇ ಉಗ್ರಾಣದ ಮುಖ್ಯಸ್ಥರಾಗಿ ನಿವೃತ್ತರಾದವರು. ಕಬ್ಬಿಣದ ಜಾಲರಿ ಹಾಕಿದ ಒಂದು ಪುಟ್ಟ ಕಿಟಕಿ. ಆಚೆ ಕಡೆ ಪೈಪು ರಿಪೇರಿಯವರು ಕೈಯಲ್ಲಿ ಚೀಟಿ ಹಿಡಿದು ನಿಂತಿರುತ್ತಿದ್ದರು, ಈಚೆ ಕಡೆ ಭಾವ. ಚೀಟಿ ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವರು ಹೇಳುತ್ತಿದ್ದ ಮಾತು ಒಂದೇ: "ಸ್ಟಾಕಿದೆ, ಇಶ್ಯೂ ಇಲ್ಲ." ಅಂದರೆ ಮಾಲು ಒಳಗಿದೆ, ಹೊರಗೆ ಕೊಡುವುದಿಲ್ಲ.

ಕೊಟ್ಟ ವಸ್ತು ಮುರಿದು ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಕೊಡದ ವಸ್ತು ಹೊಸದಾಗಿಯೇ ಇರುತ್ತದೆ. ಇಷ್ಟು ಸರಳ ಸಂಗತಿ ಇಲಾಖೆಯಲ್ಲಿ ಮತ್ಯಾರ ತಲೆಗೂ ಹೋಗಲಿಲ್ಲವಲ್ಲ ಎಂಬ ಕೊರಗು ಅವರಿಗೆ ನಿವೃತ್ತಿಯವರೆಗೂ ಇತ್ತು. ಮಳೆಗಾಲದಲ್ಲಿ ಕೆಲಸದವರು ತೊಪ್ಪೆಯಾಗಿ ನೆನೆಯುತ್ತ ಗುಂಡಿ ತೋಡುವಾಗ, ಅವರಿಗೆಂದೇ ಬಂದ ರೇನ್‌ಕೋಟುಗಳು ಭಾವನ ಕಪಾಟಿನಲ್ಲಿ ಒಣಗಿ ಬೆಚ್ಚಗೆ ಇದ್ದವು. ನಿವೃತ್ತಿಯ ವರ್ಷ ಲೆಕ್ಕ ತಪಾಸಣೆಯವರು ಬಂದು ತೆಗೆಸಿ ನೋಡಿದರೆ ಒಂದೂ ಕಮ್ಮಿ ಇರಲಿಲ್ಲ. ಎಲ್ಲ ಒಂದಕ್ಕೊಂದು ಅಂಟಿ ಒಂದೇ ರೇನ್‌ಕೋಟಾಗಿತ್ತು, ಅಷ್ಟೇ. ಬಿಡಿಸಲು ಹೋದರೆ ಚಿಂದಿಯಾಯಿತು. ಭಾವ ಈ ಕತೆಯನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ, ಒಂದೂ ಕಳುವಾಗಿರಲಿಲ್ಲ ಎಂಬಲ್ಲಿಗೆ ನಿಲ್ಲಿಸುತ್ತಾರೆ.

ಅಂಥವರು ನಿವೃತ್ತಿಯ ಸಮಯದಲ್ಲಿ ಒಂದು ಕಂಪ್ಯೂಟರ್ ಕೊಂಡರು. ಬೇರೆಯವರು ಕೊಳ್ಳುವುದು ಬಳಸಲು. ಭಾವ ಕೊಂಡದ್ದು ನೋಡಿಕೊಳ್ಳಲು. ಉಗ್ರಾಣ ಕೈಬಿಟ್ಟ ಮೇಲೆ ಕಾಯುವುದಕ್ಕೆ ಏನಾದರೂ ಬೇಕಿತ್ತಲ್ಲ.

ಆ ಕಂಪ್ಯೂಟರಿಗೆ ಈಗ ಹನ್ನೆರಡು ವರ್ಷ. ನಡುಮನೆಯ ಮೂಲೆಯಲ್ಲಿ, ಎರಡು ಗೋಡೆ ಸೇರುವಲ್ಲಿ, ಗಾಳಿ ಬೆಳಕಿಗೆ ಸಿಗದ ಹಾಗೆ ಇಟ್ಟಿದ್ದಾರೆ. ಅದಕ್ಕೆ ಮೂರು ಹೊದಿಕೆ. ಮೊದಲನೆಯದು ಗೀರು ಬೀಳದಂತೆ ತೆಳು ಬಟ್ಟೆಯದು, ಎರಡನೆಯದು ನೀರು ತಾಗದಂತೆ ಪ್ಲಾಸ್ಟಿಕ್ಕಿನದು, ಮೂರನೆಯದು ಚಳಿಯಾಗದಂತೆ ಹತ್ತಿ ತುಂಬಿ ಅಕ್ಕನ ಕೈಯಲ್ಲಿ ಹೊಲಿಸಿದ ದಪ್ಪದ್ದು. ಕೆಲಸ ಮಾಡುವಾಗ ತೆರೆಯ ಹೊದಿಕೆ ಮಾತ್ರ ತೆಗೆಯುತ್ತಾರೆ. ಕೆಳಗಿನ ಸಿಪಿಯು ಡಬ್ಬಕ್ಕೆ ಮುಂದಿನ ಗುಂಡಿ ಕಾಣುವಷ್ಟು ಮಾತ್ರ ಮುಸುಕು ಸರಿಸುತ್ತಾರೆ, ಜ್ವರ ಬಂದ ಮಗುವಿನ ಮುಖ ನೋಡುವ ಹಾಗೆ. ಡಬ್ಬದ ಹಿಂದೆ, ಪಕ್ಕದಲ್ಲಿ ಸಾಲು ಸಾಲು ತೂತುಗಳಿವೆ. ಇಷ್ಟೊಂದು ತೂತಿರುವ ಮಾಲನ್ನು ಕಂಪನಿಯವರು ಹೊರಗೆ ಹೇಗೆ ಬಿಟ್ಟರೆಂದು ಭಾವನಿಗೆ ಮೊದಲ ದಿನವೇ ಬೇಸರವಾಯಿತು. ಖಾತರಿಯ ಅವಧಿ ಮುಗಿದ ಮಾರನೆಯ ದಿನ ಪಕ್ಕದ ತಗಡು ಬಿಚ್ಚಿ, ಒಳಗೆ ನಾಲ್ಕು ಮೂಲೆಗೂ ನುಸಿಗುಳಿಗೆ ಇಟ್ಟು, ಮುಚ್ಚಿ, ಅಷ್ಟೂ ತೂತುಗಳಿಗೆ ಕಂದು ಟೇಪು ಅಂಟಿಸಿಬಿಟ್ಟರು. ಧೂಳಿನ ದಾರಿ ಮುಚ್ಚಿತು. ಮಿಕ್ಕವರ ದಾರಿ ಹೇಗೂ ಮೊದಲೇ ಮುಚ್ಚಿತ್ತು.

ಒಳಗಿನ ಕಾವಲೂ ಕಮ್ಮಿಯೇನಲ್ಲ. ವೈರಸ್ ಬಾರದಂತೆ ತಡೆಯುವ ತಂತ್ರಾಂಶ ಒಂದಿದ್ದರೆ ಸಾಕೆಂದು ಲೋಕವೆಲ್ಲ ಹೇಳಿದರೂ ಭಾವ ಮೂರು ಹಾಕಿದ್ದಾರೆ. ಉಗ್ರಾಣಕ್ಕೆ ಮೂವರು ಕಾವಲುಗಾರರಿದ್ದರು, ಒಬ್ಬ ತೂಕಡಿಸಿದರೆ ಇನ್ನೊಬ್ಬ ಎಬ್ಬಿಸಲಿ ಎಂದು. ಇಲ್ಲಿ ಮೂವರೂ ಎದ್ದೇ ಇರುತ್ತಾರೆ, ಕಳ್ಳನನ್ನು ಬಿಟ್ಟು ಒಬ್ಬರನ್ನೊಬ್ಬರು ಜಡ್ತಿ ಮಾಡುತ್ತಾರೆ. ಗುಂಡಿ ಒತ್ತಿ, ಅಕ್ಕ ಒಳಗೆ ಹೋಗಿ ಪಾತ್ರೆ ತೊಳೆದು ಬಂದರೂ ಆ ತಪಾಸಣೆ ಮುಗಿದಿರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಕಂಪ್ಯೂಟರ್ ಬಳಸುವುದು ದಿನಕ್ಕೆ ಅರ್ಧ ಗಂಟೆ ಮಾತ್ರ. ಭಾನುವಾರ ಅದಕ್ಕೆ ರಜೆ. ಹಳೆಯದಾಯಿತು, ದುಡಿಸಬಾರದು ಎಂದು ಭಾವನ ವಾದ. ಇದೇ ಮಾತನ್ನು ಅಕ್ಕನ ಬಗ್ಗೆ ಅವರ ಬಾಯಲ್ಲಿ ನಾನು ಕೇಳಿದ್ದಿಲ್ಲ.

ಅಕ್ಕನ ವಿಷಯಕ್ಕೆ ಬರುತ್ತೇನೆ. ಆ ಮನೆಯಲ್ಲಿ ಇರುವುದು ಇಬ್ಬರೇ, ಮಾತು ಅದಕ್ಕಿಂತ ಕಮ್ಮಿ. ಭಾವನಿಗೆ ವಾರಕ್ಕೊಮ್ಮೆ ಮಾತ್ರ ಜೀವ ಬರುತ್ತದೆ, ಭಾನುವಾರ ಬೆಳಿಗ್ಗೆ. ಅವತ್ತು ವಾರಪತ್ರಿಕೆಯಲ್ಲಿ ಪದಬಂಧ ಬರುತ್ತದೆ. ಪತ್ರಿಕೆ ಮಡಿಕೆಯಾಗದಂತೆ ಮೇಜಿನ ಮೇಲೆ ಹಾಸಿ, ಕಾಗದಕ್ಕೆ ನೋವಾಗದಷ್ಟು ಮೆತ್ತಗೆ ಪೆನ್ಸಿಲಿನಲ್ಲಿ ಬರೆಯುತ್ತ, ಅದನ್ನು ಮಾಡಿದವನ ಜೊತೆ ಮಧ್ಯಾಹ್ನದವರೆಗೆ ಜಗಳವಾಡುತ್ತಾರೆ. ಇವನಿಗೆ ತಲೆ ಇದೆಯಾ ಎನ್ನುತ್ತಾರೆ. ಉತ್ತರ ಹೊಳೆದೊಡನೆ, ಭಲೇ, ಇವನಿಗೆ ತಲೆ ಇದೆ ಎನ್ನುತ್ತಾರೆ. ಒಂದು ಭಾನುವಾರ ನಾನೂ ಅಲ್ಲಿದ್ದೆ. 'ಎಲ್ಲ ಇದೆ ಎನ್ನುವ, ಏನೂ ಕೊಡದವ' ಎಂದು ಸುಳಿವಿತ್ತು, ಮೂರು ಅಕ್ಷರ. ಭಾವ ಕ್ಷಣವೂ ತಡೆಯದೆ 'ಉಗ್ರಾಣಿ' ಎಂದು ಬರೆದು, ನಮ್ಮ ವೃತ್ತಿಗೆ ಈಗಲಾದರೂ ಗೌರವ ಸಿಕ್ಕಿತಲ್ಲ ಎಂದು ಎರಡು ಲೋಟ ಕಾಫಿ ಕುಡಿದರು. ಅಕ್ಕ ಒಲೆಯ ಕಡೆ ತಿರುಗಿ ನಿಂತಿದ್ದಳು. ಅವಳ ಭುಜ ಅಲುಗುತ್ತಿದ್ದದ್ದು ನನಗೆ ಮಾತ್ರ ಕಂಡಿತು.

ಆ ಪದಬಂಧ ಮಾಡುವವಳು ಅಕ್ಕನೇ. ಇಪ್ಪತ್ತು ವರ್ಷ ದಾಟಿತು.

ಇದು ಭಾವನಿಗೆ ಗೊತ್ತಿಲ್ಲದಿರುವುದು ಹೇಗೆ ಎಂದು ನೀವು ಕೇಳಬಹುದು. ಮೊದಮೊದಲು ಅಕ್ಕ ಹೇಳಲು ಹೋಗಿದ್ದಳು, ನಾನೂ ಒಂದು ಮಾಡಿ ಕಳಿಸಲಾ ಎಂದು ಕೇಳಿದ್ದಳು. ಬಿಡಿಸುವುದಕ್ಕೇ ನಮಗೆ ಬೆವರು ಕಿತ್ತುಬರುತ್ತದೆ, ಮಾಡುವವರು ಸಾಮಾನ್ಯದವರಾ, ನಿನಗ್ಯಾಕೆ ಆ ಉಸಾಬರಿ ಎಂದರು ಭಾವ. ಅಕ್ಕ ಒಳಗೆ ಹೋದಳು. ಮಾರನೆಯ ವಾರ ಚೌಕುಳಿ ಕಾಗದದ ಮೇಲೆ ಗೆರೆ ಎಳೆದು, ನನ್ನ ವಿಳಾಸ ಹಾಕಿ ಅಂಚೆಗೆ ಕೊಟ್ಟಳು. ಅಚ್ಚಾಯಿತು. ಮತ್ತೊಂದು ಅಚ್ಚಾಯಿತು. ಪದಬಂಧಕ್ಕೆ ಹೆಸರು ಹಾಕುವ ರೂಢಿ ಆ ಪತ್ರಿಕೆಗೆ ಇಲ್ಲ, ಅಕ್ಕ ಕೇಳಲೂ ಇಲ್ಲ. ಭಾವ ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಅಡುಗೆಕಟ್ಟೆಯೇ ಅವಳ ಕಚೇರಿ. ಈಗಲಾದರೂ ಹೇಳಬಾರದೇ ಎಂದು ನಾನು ಎಷ್ಟೋ ಸಲ ರೇಗಿದ್ದೇನೆ. ಹೇಳಿಬಿಟ್ಟರೆ ಭಾನುವಾರದ ಜಗಳ ನಿಂತುಹೋಗುತ್ತದೆ, ಅವರು ವಾರದಲ್ಲಿ ನನ್ನ ಜೊತೆ ಅಷ್ಟು ಮಾತಾಡೋದು ಅವತ್ತೊಂದೇ ದಿನ ಎಂದು ಅವಳು ಹೇಳಿದ್ದಳು.

ಹೀಗಿರುವಾಗ ಪತ್ರಿಕೆಯ ಕಚೇರಿಯಿಂದ ನನಗೆ ಫೋನು ಬಂತು. ಇನ್ನು ಮೇಲೆ ಕೈಯಲ್ಲಿ ಗೆರೆ ಎಳೆದ ಹಾಳೆ ನಡೆಯುವುದಿಲ್ಲವಂತೆ. ಅವರು ಕಳಿಸುವ ನಮೂನೆಯಲ್ಲೇ ಕಂಪ್ಯೂಟರಿನಲ್ಲಿ ತುಂಬಿ, ಪ್ರತಿ ಗುರುವಾರ ಸಂಜೆಯೊಳಗೆ ಇಮೇಲ್ ಮಾಡಬೇಕಂತೆ. ಒಂದು ವಾರ ತಪ್ಪಿದರೆ ಆ ಜಾಗಕ್ಕೆ ಜಾಹೀರಾತು. ಸತತ ಎರಡು ವಾರ ತಪ್ಪಿದರೆ ಪದಬಂಧವೇ ಬಂದ್. ನಾನು ಕೆಲಸ ಮಾಡುವುದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ. ಅಲ್ಲಿನ ಕಂಪ್ಯೂಟರಿನಲ್ಲಿ ಹಲ್ಲು ಬಿಟ್ಟು ಬೇರೇನೂ ಹುಡುಕುವಂತಿಲ್ಲ. ನನ್ನ ಫೋನಿನಲ್ಲಿ ಆ ನಮೂನೆ ತೆರೆಯಲೇ ಇಲ್ಲ. ಉಳಿದದ್ದು ಮೂರು ಹೊದಿಕೆಯೊಳಗಿನ ಆ ಮಹಾರಾಯ.

ಅಡುಗೆ ವಿಧಾನ ಬರೆದಿಡಬೇಕು ಎಂದು ಸುಳ್ಳು ಹೇಳಿ ಅಕ್ಕ ಅನುಮತಿ ಪಡೆದಳು. ದಿನಕ್ಕೆ ಅರ್ಧ ಗಂಟೆ ಮಂಜೂರಾಯಿತು. ಮೂವರು ಕಾವಲುಗಾರರ ಜಡ್ತಿ ಮುಗಿಯುವಷ್ಟರಲ್ಲಿ ಅದರಲ್ಲಿ ಅರ್ಧ ಹೋಯಿತು. ಮಿಕ್ಕ ಹೊತ್ತಿನಲ್ಲಿ ಅವಳು ನಾಲ್ಕು ಸಾಲು ಚೌಕ ತುಂಬಿಸಿದ್ದಳೋ ಇಲ್ಲವೋ, ತೆರೆ ಕಪ್ಪಾಗಿ ಕಂಪ್ಯೂಟರ್ ತಾನಾಗಿಯೇ ಆರಿಹೋಯಿತು. ತುಂಬಿಸಿದ್ದೆಲ್ಲ ಹೊಳೆಯಲ್ಲಿ ಹೋಯಿತು. ಭಾವ ಓಡಿಬಂದು ಡಬ್ಬದ ಮೇಲೆ ಕೈಯಿಟ್ಟು, "ನೋಡು, ಜ್ವರ ಬಂದಿದೆ ಅದಕ್ಕೆ, ನೀನು ದುಡಿಸಿದ್ದು ಜಾಸ್ತಿ ಆಯ್ತು," ಎಂದರು. ಎರಡು ದಿನ ವಿಶ್ರಾಂತಿ ಘೋಷಿಸಿದರು. ಟೇಪು ಒಂದೆರಡು ಕಡೆ ಸಡಿಲವಾಗಿದ್ದದ್ದು ಕಂಡು ಅದರ ಮೇಲೆ ಇನ್ನೊಂದು ಸುತ್ತು ಟೇಪು ಹಾಕಿದರು. ಎರಡು ದಿನ ಬಿಟ್ಟು ಅಕ್ಕ ಕೂತರೆ ಮೊದಲಿಗಿಂತ ಬೇಗ ಆರಿತು. ಅದಕ್ಕೆ ಮತ್ತಷ್ಟು ವಿಶ್ರಾಂತಿ ಬೇಕೆಂದು ಭಾವನಿಗೆ ಖಾತ್ರಿಯಾಯಿತು. ಗುರುವಾರ ಬಂದು ಹೋಯಿತು. ಅಕ್ಕ ಫೋನಿನಲ್ಲಿ ಆಗಲಿಲ್ಲ ಕಣೇ ಎಂದಷ್ಟೇ ಹೇಳಿದಳು. ನನಗೆ ಹೋಗಿ ಆ ಕಂಪ್ಯೂಟರನ್ನು ಕಿಟಕಿಯಿಂದ ಎಸೆಯುವಷ್ಟು ಕೋಪ ಬಂದಿತ್ತು. ಎಸೆದಿದ್ದರೆ ಕೊನೇಪಕ್ಷ ಅದಕ್ಕೆ ಗಾಳಿಯಾದರೂ ತಾಗುತ್ತಿತ್ತು.

ಭಾನುವಾರ ನಾನು ಅಲ್ಲಿಗೆ ಹೋದಾಗ ಭಾವ ಪತ್ರಿಕೆಯನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವುತ್ತಿದ್ದರು. ಪದಬಂಧದ ಜಾಗದಲ್ಲಿ ಕುಕ್ಕರಿನ ಜಾಹೀರಾತು ಇತ್ತು. ಪೆನ್ಸಿಲು ಹರಿತವಾಗಿ ಕೆತ್ತಿಸಿಕೊಂಡು ಸುಮ್ಮನೆ ಬಿದ್ದಿತ್ತು. ಅಂಗಡಿಯವನಿಗೆ ಫೋನು ಮಾಡಿ ಹಾಳೆ ಬಿಟ್ಟುಹೋಗಿದೆಯೇ ಎಂದು ವಿಚಾರಿಸಿದರಂತೆ. ಪಕ್ಕದ ಮನೆಯವರ ಪ್ರತಿಯನ್ನೂ ತರಿಸಿ ನೋಡಿದರಂತೆ. ಅಲ್ಲೂ ಅದೇ ಕುಕ್ಕರು.

ಸಂಪಾದಕರಿಗೆ ಬರೆಯದೆ ಬಿಡುವುದಿಲ್ಲ ಎಂದು ಎದ್ದರು. ಕಂಪ್ಯೂಟರಿನ ರಜೆ ರದ್ದಾಯಿತು, ಹನ್ನೆರಡು ವರ್ಷದಲ್ಲಿ ಮೊದಲ ಸಲ. ತೆರೆಯ ಹೊದಿಕೆ ತೆಗೆದು, ಡಬ್ಬದ ಮುಸುಕು ಸರಿಸಿ ಗುಂಡಿ ಒತ್ತಿ, ಕಾವಲುಗಾರರ ರಾಮಾಯಣ ಮುಗಿಯುವವರೆಗೆ ಮೈಯೆಲ್ಲ ಕೋಪವಾಗಿ ಕೂತರು. ಆಮೇಲೆ ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ಒತ್ತಿದ್ದನ್ನು ಗಟ್ಟಿಯಾಗಿ ಓದುತ್ತ ಬರೆಯತೊಡಗಿದರು. ಎರಡು ಸಾಲಿಗೆ ಕಂಪ್ಯೂಟರ್ ಆರಿತು. ಭಾವ ತುಸು ಹೊತ್ತು ಅದನ್ನು ಸುಧಾರಿಸಿಕೊಳ್ಳಲು ಬಿಟ್ಟು ಮತ್ತೆ ಹಚ್ಚಿದರು. ಮತ್ತೆ ಆರಿತು. ಮೂರನೆಯ ಸಲ ಅವರು ಬೈಗುಳ ಬಿಟ್ಟು ನೇರ ವಿಷಯಕ್ಕೆ ಬಂದರು. ಆ ಪದಬಂಧ ಮಾಡುವವರನ್ನು ನೀವು ಕೆಲಸದಿಂದ ತೆಗೆದಿದ್ದರೆ ದೊಡ್ಡ ತಪ್ಪು ಮಾಡಿದ್ದೀರಿ, ಅಂಥ ಬುದ್ಧಿಯವರು ನಿಮಗೆ ಮತ್ತೆ ಸಿಗುವುದಿಲ್ಲ, ನನ್ನ ಜೀವಮಾನದಲ್ಲಿ ನನಗೆ ಸರಿಸಮಾನವಾಗಿ ಸಿಕ್ಕ ಒಬ್ಬನೇ ಒಬ್ಬ ಮನುಷ್ಯ ಅವನು ಎಂದು ಓದಿಕೊಂಡರು. ಅಷ್ಟರಲ್ಲಿ ತೆರೆ ಮತ್ತೆ ಕಪ್ಪಾಯಿತು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಕೈಯಲ್ಲಿ ಒದ್ದೆ ಲೋಟವಿತ್ತು. ಅವಳ ಕಣ್ಣು ತುಂಬಿದ್ದು ಸಂತೋಷಕ್ಕೋ ಸಿಟ್ಟಿಗೋ ನನಗೆ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಾರದು. ಲೋಟವನ್ನು ಮೇಜಿನ ಮೇಲೆ ಇಟ್ಟಳು. ಕೆಳಗೆ ಏನನ್ನೂ ಹಾಸದೆ, ಬರೀ ಮೇಜಿನ ಮೇಲೆ.

"ಅವರನ್ನ ಯಾರೂ ತೆಗೆದಿಲ್ಲ," ಎಂದಳು. "ಅವರಿಗೆ ಕಳಿಸೋಕೆ ಆಗಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇದೆ, ಆದ್ರೆ ದಿನಕ್ಕೆ ಅರ್ಧ ಗಂಟೆ ಮಾತ್ರ. ಅದೂ ನಡುವೆ ಆರಿಹೋಗುತ್ತೆ."

ಭಾವ ಮೊದಲು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಆಮೇಲೆ ಕಪ್ಪಾದ ತೆರೆ ನೋಡಿದರು, ಅದರಲ್ಲಿ ಅವರದೇ ಮುಖ ಕಾಣುತ್ತಿತ್ತು. ಉಗ್ರಾಣದವರು ಸುಲಭಕ್ಕೆ ನಂಬುವ ಜಾತಿಯಲ್ಲ, ಏನಾದರೂ ಸಾಕ್ಷಿ ಕೇಳುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಒಂದೇ ಮಾತು, ಅದೂ ಬಹಳ ಮೆಲ್ಲಗೆ.

"ಹಾಗಾದ್ರೆ ಆ ಉಗ್ರಾಣಿ?"

"ನೀವೇ," ಎಂದಳು ಅಕ್ಕ.

ಸೋಫಾದ ಪ್ಲಾಸ್ಟಿಕ್ ಸದ್ದು ಮಾಡೀತೆಂದು ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಭಾವನಿಗೆ ಅವಮಾನವಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಅವತ್ತು ಗೌರವ ಎಂದು ಕುಡಿದ ಆ ಎರಡು ಲೋಟ ಕಾಫಿ ಈಗ ಕಹಿಯಾಗಿರಬೇಕು. ನನಗೆ ಅವರನ್ನು ನೋಡಿ ಮೊದಲ ಸಲ ಪಾಪ ಎನಿಸಿತು, ಹಾಗೆ ಎನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಅಕ್ಕ ಅವರ ಕೈ ಹಿಡಿದು ಡಬ್ಬದ ಪಕ್ಕಕ್ಕೆ ಒತ್ತಿದಳು. ಭಾವ ಚಕ್ಕನೆ ಕೈ ಎಳೆದುಕೊಂಡರು. ಕುದಿಯುವ ಪಾತ್ರೆಗೆ ಮುಚ್ಚಳ ಮುಚ್ಚಿ, ಅದರ ಮೇಲೆ ಕಲ್ಲು ಹೇರಿ, ಆಮೇಲೆ ಕಂಬಳಿ ಹೊದಿಸಿದರೆ ಇನ್ನೇನಾಗುತ್ತದೆ ಎಂದು ಅವಳು ಕೇಳಿದಳು. ಅದು ದಣಿದದ್ದಲ್ಲ, ಉಸಿರು ಕಟ್ಟಿದ್ದು ಎಂದಳು. ಅಡುಗೆಕಟ್ಟೆಯ ಮುಂದೆ ನಿಂತವರಿಗೆ ಗೊತ್ತಾಗುವಷ್ಟು ಸುಲಭದ ವಿಷಯ ಅದು. ಇಷ್ಟು ದಿನ ಅವಳನ್ನು ಯಾರೂ ಕೇಳಿರಲಿಲ್ಲ.

ವೈರು ಕಿತ್ತು, ಡಬ್ಬ ಪೂರ್ತಿ ತಣ್ಣಗಾಗುವವರೆಗೆ ಕಾದು, ಅದನ್ನು ಬೆಳಕಿರುವ ವರಾಂಡಕ್ಕೆ ತಂದೆವು. ಭಾವನ ಕಪಾಟಿನಲ್ಲಿ ಒಂದು ಜೊತೆ ಹೊಸ ಸ್ಕ್ರೂಡ್ರೈವರುಗಳು ಪೊಟ್ಟಣ ಒಡೆಯದೆ ಇದ್ದವು. ಅವತ್ತು ಒಡೆಯಿತು. ಟೇಪು ಕೀಳುವ ಕೆಲಸವನ್ನು ಭಾವ ಯಾರಿಗೂ ಬಿಡಲಿಲ್ಲ. ಒಂದೊಂದನ್ನೇ ಹರಿಯದಂತೆ ಬಿಡಿಸಿ, ಎಲ್ಲಿ ಮತ್ತೆ ಸುತ್ತಿಡುತ್ತಾರೋ ಎಂದು ನಾನು ನೋಡುತ್ತಿದ್ದೆ. ಸುತ್ತಿಡಲಿಲ್ಲ, ಕಸದ ಬುಟ್ಟಿಗೆ ಹಾಕಿದರು. ತಗಡು ಬಿಚ್ಚಿದರೆ ನುಸಿಗುಳಿಗೆಯ ವಾಸನೆಗೆ ಮೂವರೂ ಹಿಂದೆ ಸರಿದೆವು. ಟೇಪು ಹಾಕುವ ಮುಂಚೆಯೇ ಒಳಗೆ ಹೋಗಿದ್ದ ಧೂಳು ಹೊರಗೆ ಬರುವ ದಾರಿ ಕಾಣದೆ ಅಲ್ಲೇ ಸಂಸಾರ ಹೂಡಿತ್ತು. ಫ್ಯಾನಿನ ಎಲೆಗಳ ಮೇಲೆ ಅದು ಬೂದು ಕಂಬಳಿಯಾಗಿತ್ತು, ನಾಲ್ಕನೆಯ ಹೊದಿಕೆ. ಒರೆಸಲು ಮೆತ್ತನೆಯ ಕುಂಚ ಬೇಕಾಯಿತು. ಭಾವ ಎದ್ದುಹೋಗಿ, ನಿವೃತ್ತಿಯ ದಿನ ಉಡುಗೊರೆಯಾಗಿ ಬಂದ ಶೇವಿಂಗ್ ಬ್ರಷ್ಷನ್ನು ಪೆಟ್ಟಿಗೆ ಸಮೇತ ತಂದು ಅಕ್ಕನ ಕೈಗೆ ಕೊಟ್ಟರು. ಅವರು ತಾವಾಗಿ ಇಶ್ಯೂ ಮಾಡಿದ ಮೊದಲ ವಸ್ತು ಅದೇ ಇರಬೇಕು.

ಭಾವ ಫ್ಯಾನು ತಿರುಗದಂತೆ ಬೆರಳಿಟ್ಟು ಹಿಡಿದರು, ಅಕ್ಕ ಎಲೆ ಎಲೆ ಒರೆಸಿದಳು. ಒದ್ದೆ ಬಟ್ಟೆ ಒಳಗೆ ಸೋಕಿಸಲಿಲ್ಲ. ಸಂಜೆ ಡಬ್ಬವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಇಟ್ಟು ಹಚ್ಚಿದೆವು. ಕಾವಲುಗಾರರಲ್ಲಿ ಇಬ್ಬರನ್ನು ಮನೆಗೆ ಕಳಿಸಿ, ಇದ್ದದ್ದರಲ್ಲಿ ಚುರುಕಾದ ಒಬ್ಬನನ್ನು ಉಳಿಸಿಕೊಂಡೆವು. ಕಂಪ್ಯೂಟರ್ ಊಟದ ಹೊತ್ತಿನವರೆಗೂ ಉರಿದು, ಮುಟ್ಟಿದರೆ ಬೆಚ್ಚಗೆ ಮಾತ್ರ ಇತ್ತು. ಮಾಡಿದ ಕೆಲಸ ಆಗಾಗ ಉಳಿಸುತ್ತಿರು, ಒಂದು ಪ್ರತಿ ಪೆನ್‌ಡ್ರೈವಿನಲ್ಲೂ ಇಟ್ಟಿರು ಎಂದು ನಾನು ಅಕ್ಕನಿಗೆ ಹೇಳಿದ್ದೇ ತಡ, ಭಾವ ಕಪಾಟಿನಿಂದ ಹೊಸ ಪೆನ್‌ಡ್ರೈವನ್ನೂ ತಂದರು. ಇವರ ಬಳಿ ಇನ್ನೂ ಏನೇನಿದೆಯೋ ದೇವರಿಗೇ ಗೊತ್ತು.

ಗುರುವಾರ ಮಧ್ಯಾಹ್ನವೇ ಪದಬಂಧ ಹೋಯಿತು. ಭಾನುವಾರ ಕುಕ್ಕರ್ ಪತ್ರಿಕೆಯಿಂದ ಅಡುಗೆಮನೆಗೆ ವಾಪಸಾಯಿತು.

ಇಷ್ಟಕ್ಕೇ ಭಾವ ಬದಲಾದರು ಎಂದು ಹೇಳಿದರೆ ಅದು ಶುದ್ಧ ಸುಳ್ಳು. ಸೋಫಾ ಈಗಲೂ ಕಿರ್ರೆನ್ನುತ್ತದೆ. ಕಂಪ್ಯೂಟರಿನ ಮೂರೂ ಹೊದಿಕೆಗಳು ಒಗೆದು, ಮಡಿಚಿ, ನುಸಿಗುಳಿಗೆ ಸಮೇತ ಕಪಾಟು ಸೇರಿವೆ. ಈಗ ಭಾವನಿಗೆ ಗಾಳಿಯ ಹುಚ್ಚು. ಡಬ್ಬದ ಹಿಂದೆ ಯಾರೂ ನಿಲ್ಲುವಂತಿಲ್ಲ, ಅದರ ಗಾಳಿ ತಿಂದುಬಿಡುತ್ತೇವಂತೆ. ಹೋದ ವಾರ ನಾನು ಹೋದಾಗ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ಒಳಗೆ ಬಿಡಲಿಲ್ಲ. ಅವಳು ಕೆಲಸದಲ್ಲಿದ್ದಾಳೆ, ಆಮೇಲೆ ಬಾ ಎಂದು ಪಿಸುಗುಟ್ಟಿದರು. ಸ್ವಂತ ಅಕ್ಕನ ಮನೆಯ ಮೆಟ್ಟಿಲ ಮೇಲೆ ನಾನು ಕಾಯುತ್ತ ಕೂತೆ. ಜನ್ಮದಲ್ಲಿ ಮೊದಲ ಸಲ ಹಾಗೆ ಕಾಯುವುದು ನನಗೆ ಬೇಸರವೆನಿಸಲಿಲ್ಲ. ಭಾವ ತೆರೆಗೆ ಬೆನ್ನು ಹಾಕಿ ಕೂತಿದ್ದರು. ತಿರುಗಿದರೆ ಭಾನುವಾರದ ಉತ್ತರ ಕಂಡುಬಿಡುತ್ತದೆ ಎಂದು ಅವರಿಗೆ ಭಯ.

ಆ ಭಾನುವಾರ ಒಂದು ಸುಳಿವಿನಲ್ಲಿ ಅವರು ಸಿಕ್ಕಿಬಿದ್ದರು. ಪೆನ್ಸಿಲು ಕಚ್ಚಿದರು, ವರಾಂಡ ಸುತ್ತಿದರು, ಮಾಡಿದವಳಿಗೆ ತಲೆ ಇದೆಯಾ ಎಂದರು. ಮಧ್ಯಾಹ್ನವಾದರೂ ನಾಲ್ಕು ಚೌಕ ಖಾಲಿಯೇ ಇದ್ದವು. ಕೊನೆಗೆ ಪತ್ರಿಕೆ ಹಿಡಿದು ಅಡುಗೆಮನೆಗೆ ಹೋಗಿ, ಚೀಟಿ ಹಿಡಿದ ಪೈಪು ರಿಪೇರಿಯವರಂತೆ ಬಾಗಿಲಾಚೆಯೇ ನಿಂತರು. ಉತ್ತರ ಬೇಡ, ಮೊದಲ ಅಕ್ಷರ ಹೇಳಿದರೂ ಸಾಕು ಎಂದು ಕೇಳಿಕೊಂಡರು.

ಅಕ್ಕ ಕೈ ಒರೆಸಿಕೊಂಡು, ಕನ್ನಡಕ ತೆಗೆದು, ಸೆರಗಿನಲ್ಲಿ ನಿಧಾನಕ್ಕೆ ಒರೆಸಿ, ಮತ್ತೆ ಹಾಕಿಕೊಂಡಳು.

"ಸ್ಟಾಕಿದೆ," ಎಂದಳು. "ಇಶ್ಯೂ ಇಲ್ಲ."